ಇನ್ನೂರು ಹೆಜ್ಜೆ

ಚರ್ಚಿನಲ್ಲಿ ಒಂದರ ಗಂಟೆ ಹೊಡೆದದ್ದೇ ತಡ, ಸಾರೋಟಿನ ಕುದುರೆ ಬರ್ಕೂಕ ನಡುಬೀದಿಯಲ್ಲಿ ನಿಂತುಬಿಟ್ಟಿತು. ವೆನ್ಜು ಲಗಾಮು ಜಗ್ಗಿದ, ನಾಲಿಗೆಯಲ್ಲಿ ಟಕಟಕ ಅಂದ, ಕೊನೆಗೆ ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡ. ಕುದುರೆ ಯಾವುದಕ್ಕೂ ಜಗ್ಗಲಿಲ್ಲ. ಚರ್ಚಿನ ಬಾಗಿಲು ಇನ್ನೂ ಇನ್ನೂರು ಹೆಜ್ಜೆ ದೂರವಿತ್ತು. ಹಿಂದೆ ಸಾರೋಟಿನಲ್ಲಿ, ಮದುವೆಯ ಬಿಳಿ ಗೌನಿನ ರಾಶಿಯ ನಡುವೆ, ಮಗಳು ಮಾರ್ತೀಸ್ ಕೂತಿದ್ದಳು.

“ಅಪ್ಪ, ಪಾದ್ರಿಗಳು ಒಂದೂಕಾಲರ ತನಕ ಮಾತ್ರ ಕಾಯ್ತಾರಂತೆ.”

“ನಿನ್ನ ಕೂದಲು ಕಟ್ಟಿದವಳಿಗೆ ಹೇಳು ಅದನ್ನ. ಮೂರು ತಾಸು! ಅಷ್ಟ್ರಲ್ಲಿ ನಾನು ಎಂಟು ಕುದುರೆಗೆ ಜಡೆ ಹಾಕ್ತಿದ್ದೆ.”

ತಪ್ಪು ಕುದುರೆಯದಲ್ಲ ಎಂಬುದು ವೆನ್ಜುವಿಗೂ ಗೊತ್ತು. ಮಾಲ್ಟಾದ ಬೇಸಿಗೆಯಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಕುದುರೆಯಿಂದ ಸಾರೋಟು ಎಳೆಸುವಂತಿಲ್ಲ. ಅವನು ಎರಡು ಸಲ ಸಿಕ್ಕಿಬಿದ್ದಿದ್ದ. ಮೂರನೆಯ ಸಲ ಸಿಕ್ಕಿದರೆ ಲೈಸೆನ್ಸೇ ಹೋಗುತ್ತದೆ. ಅದಕ್ಕೇ ಕುದುರೆಗೆ ತಾನೇ ಪಾಠ ಹೇಳಿಕೊಟ್ಟಿದ್ದ: ಗಂಟೆ ಹೊಡೆದರೆ ಗೋಡೆಯ ನೆರಳು, ಒಂದು ಬಕೆಟ್ ನೀರು, ಅರ್ಧ ಕಲ್ಲಂಗಡಿ. ಎರಡೇ ವಾರದಲ್ಲಿ ಕಲಿತ ಬರ್ಕೂಕ ಇವತ್ತೂ ಪಾಠ ಮರೆಯಲಿಲ್ಲ. ಮದುವಣಗಿತ್ತಿ ಸಮೇತ ತಿರುಗಿ, ನೆಟ್ಟಗೆ ನೆರಳಿಗೆ ನಡೆಯಿತು.

ಆ ನೆರಳಲ್ಲೇ ಪ್ರಾಣಿ ಕಲ್ಯಾಣ ಇಲಾಖೆಯ ಇನ್ಸ್‌ಪೆಕ್ಟರ್ ರೊಮಿಲ್ಡಾ ಟೊಮೇಟೊ ಸವರಿದ ಬ್ರೆಡ್ಡು ತಿನ್ನುತ್ತ ನಿಂತಿದ್ದಳು.

“ಬಾರಪ್ಪ, ಬಾ,” ಅಂದಳು ಕುದುರೆಗೆ. ಆಮೇಲೆ, “ವೆನ್ಜು ಮಾಮ, ಗಂಟೆ ಎಷ್ಟಾಯ್ತು?”

ಚರ್ಚಿಗೆ ಎರಡು ಗಡಿಯಾರ. ಎಡಗಡೆಯದು ಸರಿಯಾದದ್ದು. ಬಲಗಡೆಯದು ಸೈತಾನನ ಲೆಕ್ಕ ತಪ್ಪಿಸಲೆಂದು ಹಿರಿಯರು ಬಣ್ಣದಲ್ಲಿ ಬರೆಸಿದ್ದು. ವೆನ್ಜು ಬಲಗಡೆಗೆ ಬೆರಳು ತೋರಿಸಿದ. “ನೋಡಮ್ಮ, ಹನ್ನೆರಡೂ ಆಗಿಲ್ಲ.”

“ಅದು ಸೈತಾನನಿಗೆ ಮಾಡಿಸಿದ್ದು ಮಾಮ, ನನಗಲ್ಲ.”

“ನಮ್ಮ ಸಾರೋಟು ಸ್ಟ್ಯಾಂಡಿನಲ್ಲಿ ಕೇಳಿ ನೋಡು. ನೀನೂ ಸೈತಾನನೂ ಇಬ್ಬರೂ ಒಂದೇ ಅಂತಾರೆ.”

“ಅಪ್ಪಾ!” ಮಾರ್ತೀಸ್ ಹೂಗುಚ್ಛದಿಂದಲೇ ಅವನ ಬೆನ್ನಿಗೆ ಹೊಡೆದಳು.

ರೊಮಿಲ್ಡಾಳಿಗೂ ನಗು ಬಂತು. ಆದರೆ ಕುದುರೆಯ ಕುತ್ತಿಗೆಯ ಮೇಲೆ ಇಟ್ಟ ಅಂಗೈ ಬೆವರಿನಿಂದ ಒದ್ದೆಯಾದಾಗ ನಗು ನಿಂತಿತು. “ಇನ್ನೂರೇ ಹೆಜ್ಜೆ ತಾನೇ ಅಂತೀರೇನೋ. ಹೋದ ವಾರ ಕೆಳಗಿನ ಬೀದಿಯಲ್ಲಿ ಒಂದು ಕುದುರೆ ಬಿತ್ತಲ್ಲ, ಅದಕ್ಕೂ ಇನ್ನೂರೇ ಹೆಜ್ಜೆ ಉಳಿದಿತ್ತು.”

ಬಿದ್ದ ಆ ಕುದುರೆಯ ತಲೆ ತೊಡೆಯ ಮೇಲಿಟ್ಟುಕೊಂಡು ನೀರು ಸುರಿದವನು ವೆನ್ಜುವೇ.

“ನಾನು ನಡ್ಕೊಂಡೇ ಹೋಗ್ತೀನಿ ಬಿಡಪ್ಪ,” ಎಂದು ಮಾರ್ತೀಸ್ ಗೌನು ಎತ್ತಿಕೊಳ್ಳತೊಡಗಿದಳು.

“ಸುಮ್ನೆ ಕೂತ್ಕೊ. ನಿಮ್ಮಮ್ಮ ಮದುವೆಗೆ ಇದೇ ಸಾರೋಟಲ್ಲಿ ಬಂದವಳು. ನಿನ್ನನ್ನೂ ಇದ್ರಲ್ಲೇ ಕರ್ಕೊಂಡು ಹೋಗ್ತೀನಿ ಅಂತ ನಿನಗೆ ಮೂರು ವರ್ಷ ಇದ್ದಾಗ ಮಾತು ಕೊಟ್ಟಿದೀನಿ.”

ಅವನು ಕುದುರೆಯ ಪಟ್ಟಿಗಳನ್ನೆಲ್ಲ ಬಿಚ್ಚಿದ. ಬರ್ಕೂಕನನ್ನು ಗೋಡೆಯ ಕಬ್ಬಿಣದ ಬಳೆಗೆ ಕಟ್ಟಿ, ಬಕೆಟ್ಟನ್ನೂ ಕಲ್ಲಂಗಡಿಯನ್ನೂ ಮುಂದಿಟ್ಟ. ಕೋಟು ಕಳಚಿ ಮಗಳ ಮಡಿಲಿಗೆ ಎಸೆದ. ಆಮೇಲೆ ತಾನೇ ಸಾರೋಟಿನ ಎರಡು ಮೂಕಿಗಳ ನಡುವೆ ನಿಂತು, “ಇನ್ಸ್‌ಪೆಕ್ಟರಮ್ಮ, ಕಾನೂನಲ್ಲಿ ಯಾರ್ಯಾರ ಹೆಸರಿದೆ, ಒಂದ್ಸಲ ಓದು,” ಅಂದ.

ರೊಮಿಲ್ಡಾ ನಿಜಕ್ಕೂ ಪುಸ್ತಕ ತೆಗೆದಳು. “ಕುದುರೆ, ಕತ್ತೆ, ಹೇಸರಗತ್ತೆ. ಅಪ್ಪ ಅಂತ ಎಲ್ಲೂ ಇಲ್ಲ ಮಾಮ.” ಪುಸ್ತಕವನ್ನು ಜೇಬಿಗೆ ತುರುಕಿ, ಸಾರೋಟಿನ ಹಿಂದೆ ಹೋಗಿ ಎರಡೂ ಕೈ ಕೊಟ್ಟು ನೂಕಿದಳು.

ದಾರಿ ಅಷ್ಟಿಷ್ಟು ಇಳಿಜಾರಿದ್ದುದರಿಂದ ಗಾಲಿಗಳು ಉರುಳಿದವು. ಮೇಲಿನ ಬಾಲ್ಕನಿಗಳ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. “ವೆನ್ಜು, ಕುದುರೆ ಥರ ಕಿವಿಗೆ ಹೂವು ಸಿಕ್ಕಿಸ್ಕೊಳ್ಳೋ!” ಎಂದು ಯಾರೋ ಕೂಗಿದರು. “ಅವನಿಗೂ ಒಂದು ಕ್ಯಾರೆಟ್ ಕೊಡ್ರೋ!” ಎಂದು ಇನ್ನೊಬ್ಬರು. ಚರ್ಚಿನ ಮೆಟ್ಟಿಲ ಮೇಲಿದ್ದ ಹೆಂಡತಿ ಕರ್ಮೇನಾ ಬೀಸಣಿಗೆಯಿಂದ ಹಣೆ ಚಚ್ಚಿಕೊಂಡಳು. ಎಡಗಡೆಯ ಗಡಿಯಾರದಲ್ಲಿ ಒಂದೂಕಾಲಿಗೆ ಇನ್ನೂ ಮೂರು ನಿಮಿಷ ಉಳಿದಿತ್ತು.

ಮಾರ್ತೀಸ್ ಇಳಿದು, ಅಪ್ಪನ ಬೆವರನ್ನು ತನ್ನ ಮುಸುಕಿನ ತುದಿಯಿಂದಲೇ ಒರೆಸಿದಳು. ರೊಮಿಲ್ಡಾ ಏದುಸಿರು ಬಿಡುತ್ತಲೇ ಪುಸ್ತಕ ಬಿಚ್ಚಿ, ಗಂಭೀರವಾದ ಮುಖ ಮಾಡಿಕೊಂಡು ಅವಳನ್ನು ಕೇಳಿದಳು: “ಎಳೆದ ಪ್ರಾಣಿಗೆ ನೀರು ಕುಡಿಸಿದ್ರಾ?”

“ಅಮ್ಮ ಕುಡಿಸ್ತಿದ್ದಾಳೆ.”

“ನೆರಳು?”

“ಚರ್ಚಿನೊಳಗಿದೆ.”

“ಭಾರ ಜಾಸ್ತಿಯಾಗಿತ್ತಾ?”

ಅದಕ್ಕೆ ಮಾರ್ತೀಸ್ ಅಪ್ಪನ ಮುಖ ನೋಡಿದಳು. ವೆನ್ಜು ಕೋಟು ಹಾಕಿಕೊಂಡು, ಮಗಳ ಕೈಯನ್ನು ತನ್ನ ತೋಳಿಗೆ ಸೇರಿಸಿಕೊಂಡು, ಖಾಲಿ ಸಾರೋಟಿನ ಕಡೆಗೊಮ್ಮೆ ತಿರುಗಿ ನೋಡಿದ.

“ಎಳೆಯೋವಾಗ ಗೊತ್ತಾಗ್ಲಿಲ್ಲಮ್ಮ,” ಅಂದ. “ಇಳಿಸಿದ ಮೇಲೆ ಗೊತ್ತಾಗ್ತಿದೆ.”