ಬಾಯಿ ಬಿಡದ ಮೀನು

ಇದು ಹೀಗೆಯೇ ನಡೆಯಿತೆಂದು ಆಣೆ ಮಾಡಲಾರೆ. ಆದರೂ ನೆನೆದ ಮಂಡಕ್ಕಿಯ ವಾಸನೆ ಬಂದರೆ ಇಂದಿಗೂ ಕೊಪ್ಪದ ಮನೆಯ ಆ ಮಧ್ಯಾಹ್ನ ಕಾಡುತ್ತದೆ. ಅಕ್ಕ ಅಂಗಡಿಯಲ್ಲಿ ಆರಿಸಿ ತಂದಿದ್ದ ಹಳದಿ ಸಿಕ್ಲಿಡ್ ಮೀನು ಊಟ ಬಿಟ್ಟು ವಾರಗಳಾಗಿದ್ದವು.

"ಎಷ್ಟು ದಿನದ ಏಕಾದಶಿ ಮಾರಾಯ್ತಿ ಇದರದ್ದು? ಸತ್ತೇ ಹೋಗ್ತದೆ!" ಎಂದ ಅಜ್ಜಿ, ಶೃಂಗೇರಿ ಹೊಳೆಯ ಮೀನಿಗೆ ಹಾಕುವಂತೆ ಗಾಜಿನ ತೊಟ್ಟಿಗೆ ಒಂದು ಹಿಡಿ ಮಂಡಕ್ಕಿ ಸುರಿದರು.

"ನೀರು ಕೆಟ್ಟೇ ಸಾಯ್ತದೆ ಅಜ್ಜಿ!" ಅಕ್ಕ ಅಳುತ್ತ ಒಂದೊಂದೇ ಕಾಳು ಹೆಕ್ಕಿ ತೆಗೆದಳು. ಮೀನು ಬಾಯಿ ಬಿಡಲಿಲ್ಲ.

"ಹಠಮಾರಿ. ನಿನ್ನ ಹಾಗೇ," ಎಂದರು ಅಜ್ಜಿ ಅಕ್ಕನಿಗೆ.

ಅಂದೇ ಸಂಜೆಯೋ ಮರುದಿನವೋ ಅದು ಬಾಯಿ ತೆರೆದಾಗ ಜೀರಿಗೆಯಷ್ಟು ಮರಿಗಳು ಹೊರಬಂದವು. ಅಜ್ಜಿ ನಕ್ಕರೆಂದು ಅಕ್ಕ ಹೇಳುತ್ತಾಳೆ; ನನ್ನ ನೆನಪಿನಲ್ಲಿ ಅವರು ಅತ್ತರು. ಆ ಜಾತಿಯ ತಾಯಿಮೀನು ಮೊಟ್ಟೆಗಳನ್ನು ಬಾಯಲ್ಲೇ ಇಟ್ಟು ಕಾಯುತ್ತದೆ, ಮರಿಗಳನ್ನು ಹೊರಬಿಡುವ ತನಕ ಬಹುಮಟ್ಟಿಗೆ ಏನೂ ತಿನ್ನುವುದಿಲ್ಲ ಎಂಬುದನ್ನು ಮಾತ್ರ ಆಮೇಲೆ ಓದಿ ಖಚಿತಪಡಿಸಿಕೊಂಡಿದ್ದೇನೆ.