ಕಾಗೆ ಮುಟ್ಟದ ಎಡೆ

ಹನಿಮೂನಿಗೆಂದು ದ್ವೀಪದ ರೆಸಾರ್ಟಿಗೆ ಬಂದಿಳಿದ ಮೇಲೆ ವಾರಿಜಾಳಿಗೆ ನೆನಪಾಯಿತು, ಇವತ್ತು ತೀರಿಹೋದ ಮೊದಲ ಗಂಡನ ತಿಥಿ. ಬಫೆಯಿಂದ ಒಂದಿಷ್ಟು ಅನ್ನ, ಪಾಯಸ, ಅವನಿಗಿಷ್ಟವಾದ ಉದ್ದಿನ ವಡೆ ತಂದು ಬಾಳೆಲೆಯ ತುಂಡಿನಲ್ಲಿ ಬಡಿಸಿ, ಮರಳಿನಂಚಿನ ಕಟ್ಟೆಯ ಮೇಲಿಟ್ಟಳು.

ತೀರದಲ್ಲಿ ಡಿಜೆ ಹಾಡು ಅಬ್ಬರಿಸುತ್ತಿತ್ತು. ಮಕ್ಕಳ ಕೈಯಿಂದ ಚಿಪ್ಸ್ ಕಿತ್ತು ತಿನ್ನುತ್ತಿದ್ದ ಕಾಗೆಗಳು ಎಲೆಯ ಸುತ್ತ ಬಂದು ಕುಳಿತವು. ಒಂದೂ ಮುಟ್ಟಲಿಲ್ಲ.

"ಸತ್ತೋರಿಗೆ ಏನಾದ್ರೂ ಆಸೆ ಉಳಿದಿದ್ರೆ ಕಾಗೆ ಎಡೆ ಮುಟ್ಟಲ್ವಂತೆ ರೀ," ಅಂದಳು.

ಹೊಸ ಗಂಡ ನಕ್ಕ. "ಏನು ಬೇಕಂತೆ ಕೇಳು, ಕೊಟ್ಟುಬಿಡೋಣ."

"ತಮಾಷೆ ಬೇಡ. ನಾನು ಬೇರೆ ಗಂಡಸರ ಜೊತೆ ನಕ್ಕು ಮಾತಾಡಿದ್ರೂ ಅವರಿಗೆ ಆಗ್ತಿರಲಿಲ್ಲ."

"ಸತ್ತೋರು ಏನು ಮಾಡ್ತಾರೆ ಮಾರಾಯ್ತಿ? ನಾನೊಂದು ರೌಂಡ್ ಈಜಿ ಬರ್ತೀನಿ, ಅಷ್ಟರಲ್ಲಿ ರಾಜಿ ಮಾಡ್ಕೊಂಡಿರು." ಅವಳ ಕೆನ್ನೆ ತಟ್ಟಿ ಅಲೆಗಳತ್ತ ಓಡಿದ.

ವಾರಿಜಾ ಎಲೆಯ ಮುಂದೆ ಕೂತು ಕೈಮುಗಿದಳು. "ಏನು ಬೇಕಿದ್ರೂ ತಗೊಳ್ಳಿ. ಇನ್ನಾದ್ರೂ ನನ್ನ ಬಿಟ್ಟುಬಿಡಿ."

ಕಾಗೆಗಳು ಕತ್ತು ಓರೆಮಾಡಿ ಕಡಲನ್ನೇ ನೋಡುತ್ತಿದ್ದವು.

ಇದ್ದಕ್ಕಿದ್ದಂತೆ ಹಾಡು ನಿಂತಿತು. ಲೈಫ್‌ಗಾರ್ಡಿನ ಸೀಟಿ ಒಂದೇ ಸಮನೆ ಕೂಗತೊಡಗಿತು, ಜನ ನೀರಿನತ್ತ ಓಡಿದರು. ವಾರಿಜಾ ದಡಬಡಿಸಿ ಏಳುವಷ್ಟರಲ್ಲಿ, ಹತ್ತಿರವಿದ್ದ ಕಾಗೆಯೊಂದು ಎಲೆಯ ಮೇಲೆ ಕುಪ್ಪಳಿಸಿ ವಡೆಗೆ ಬಾಯಿ ಹಾಕಿತು.