ಐತಾರದ ಸಪ್ಪಳ

ಹಂಚಿನ ಮೇಲೆ ಜೋಳದ ಹಿಟ್ಟು ಸೀಯುವ ವಾಸನೆ ಬಂದರೆ ಈಗಲೂ ನನ್ನ ಅಂಗೈ ಜುಮ್ಮೆನ್ನುತ್ತದೆ.

ಲಗ್ಗೆರೆಯ ಬಾಡಿಗೆ ಕೋಣೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದುದು ಭಾನುವಾರ ಮಧ್ಯಾಹ್ನ ಮಾತ್ರ. ಉಳಿದ ದಿನ ಪೀಣ್ಯದ ಕಾರ್ಖಾನೆಗೆ ಓಡುವ ಅವಸರದಲ್ಲಿ ಅನ್ನವೇ ಗತಿ. ಅಂಥದೊಂದು ಭಾನುವಾರ ಮೇಲಿನ ಮನೆಯ ಓನರ್ ಆಂಟಿ ನಮ್ಮ ಬಾಗಿಲಿಗೇ ಬಂದರು.

“ಏನಮ್ಮಾ ಇದು ದಬದಬ ಅಂತ? ನಮ್ಮೆಜಮಾನ್ರು ಮಲ್ಗವ್ರೆ. ಅನ್ನ ಮಾಡ್ಕೊಂಡು ತಿನ್ನಕ್ಕಾಗಲ್ವಾ?”

ಅವ್ವ ಹಿಟ್ಟಿನ ಕೈ ಒರೆಸಿಕೊಳ್ಳಲೂ ಇಲ್ಲ. “ವಾರಪೂರ್ತಿ ಮಷಿನ್ ಸಪ್ಪಳ ನಾ ಕೇಳ್ತೀನ್ರೀ ಅಕ್ಕಾರ. ಐತಾರ ಒಂದಿನ ನನ್ನ ಸಪ್ಪಳ ನೀವು ಕೇಳ್ರಿ.”

ಆಂಟಿ ಗೊಣಗುತ್ತಾ ಮೆಟ್ಟಿಲು ಹತ್ತಿದರು. ಅವ್ವ ಬಾಗಿಲು ಮುಚ್ಚಲಿಲ್ಲ. ಹಿಟ್ಟಿನ ಉಂಡೆಯೊಂದನ್ನು ನನ್ನ ಮುಂದಿಟ್ಟು, “ಬಡಿ” ಅಂದಳು.

ನನ್ನ ಮೊದಲ ರೊಟ್ಟಿ ಹರಿದುಹೋಯಿತು. ಸಪ್ಪಳ ಮಾತ್ರ ಮೇಲಿನ ಮನೆಯವರೆಗೂ ಹೋಯಿತು.